ಸ್ಟೀಲ್ ತಂಬಿಗೆ ಹಿಡಿದರೆ ಆಯಿಗೆ ಕರೆಂಟ್ ಹೊಡೆದ ಹಾಗೆ ಆಗ್ತದೆ: ಆಕ್ಸಾಲಿಪ್ಲಾಟಿನ್ ತಗೊಂಡವರು ಯಾರಾದ್ರೂ ಇದ್ದೀರಾ?

ತೋಟದಂಚು, ಶಿರಸಿ · ನವೆಂಬರ್ 9

ನಮಸ್ಕಾರ. ಕೀಮೋ ತಗೊಂಡವರು, ಮನೆಯಲ್ಲಿ ನೋಡಿಕೊಂಡವರು ಇದ್ದರೆ ಸ್ವಲ್ಪ ಹೇಳಿ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, 61. ದೊಡ್ಡ ಕರುಳಿನ ಗಡ್ಡೆ ತೆಗೆದು ಆರು ವಾರ ಆಯಿತು. ಪಕ್ಕದ ಗ್ರಂಥಿಗೂ ಹಬ್ಬಿತ್ತು, ಮೂರನೇ ಹಂತ ಅಂದರು. ಹುಬ್ಬಳ್ಳಿಯಲ್ಲಿ ಕೀಮೋ ಶುರುವಾಗಿದೆ. ಎರಡು ವಾರಕ್ಕೊಮ್ಮೆ, ಒಟ್ಟು 12 ಸಲ. ಆಕ್ಸಾಲಿಪ್ಲಾಟಿನ್, ಜೊತೆಗೆ ಇನ್ನೊಂದು ಕೀಮೋ ಔಷಧ 5-ಎಫ್‌ಯು. ಮೊದಲನೇದು ಬುಧವಾರ ಆಯಿತು. 46 ಗಂಟೆ ಒಂದು ಚಿಕ್ಕ ಪಂಪ್ ಕಟ್ಟಿಕೊಂಡೇ ಇರಬೇಕು. ಹಾಗಾಗಿ ಹುಬ್ಬಳ್ಳಿಯಲ್ಲಿ ಭಾವನ ಮನೆಯಲ್ಲಿ ಉಳಿದು, ಶುಕ್ರವಾರ ತೆಗೆಸಿಕೊಂಡು ರಾತ್ರಿ ಊರಿಗೆ ಬಂದೆವು.

ವಾಂತಿಗೆ, ಕೂದಲು ಉದುರುವುದಕ್ಕೆ ನಾವು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಎರಡೂ ಆಗಲಿಲ್ಲ. ಶನಿವಾರ ಬೆಳಿಗ್ಗೆ ಆಯಿ ಎದ್ದು ದಿನದ ಹಾಗೆ ಸ್ಟೀಲ್ ತಂಬಿಗೆ ಹಿಡಿದಳು. ಹಿಡಿದವಳೇ ಬಿಟ್ಟುಬಿಟ್ಟಳು. ತಂಬಿಗೆ ಉರುಳಿ ಬಚ್ಚಲ ತನಕ ಹೋಯಿತು. ಕೈಗೆ ಕರೆಂಟ್ ಹೊಡೆದ ಹಾಗಾಯಿತಂತೆ. ಆಮೇಲೆ ಕೊಡಪಾನದ ನೀರು ಒಂದು ಗುಟುಕು ಕುಡಿದಳು. ಗಂಟಲು ಹಿಡಿದುಕೊಂಡಿತು. ಉಸಿರು ಸಿಗುತ್ತಿಲ್ಲ ಅಂತ ಕೈ ಸನ್ನೆ ಮಾಡಿದಳು. ಎರಡು ನಿಮಿಷದಲ್ಲಿ ಸರಿಹೋಯಿತು, ಆದರೆ ನನ್ನ ಜೀವ ಹೋಗಿ ಬಂತು.

ಫೈಲಿನಲ್ಲಿ ನಾಲ್ಕು ಪುಟದ ಇಂಗ್ಲಿಷ್ ಹಾಳೆ ಇತ್ತು. ನಾನು ಅದನ್ನು ಓದಿದ್ದು ತಂಬಿಗೆ ಉರುಳಿದ ಮೇಲೆ. ಈ ಔಷಧ ತಗೊಂಡವರಿಗೆ ತಣ್ಣಗಿನದ್ದು ತಾಗಿದರೆ ಹೀಗಾಗುತ್ತದಂತೆ. ಇದು ಎಷ್ಟು ದಿನ ಇರುತ್ತದೆ? ಗಂಟಲು ಹಿಡಿಯುವುದು ಅಪಾಯವಾ? ದೀಪಾವಳಿ ಕಳೆದು ಇಲ್ಲಿ ಬೆಳಗಿನ ಜಾವ ಚಳಿ ಶುರುವಾಗಿದೆ.

ಕಡಲಕರೆ, ಕಾರವಾರ · ನವೆಂಬರ್ 9

ನಮ್ಮ ಅತ್ತೆಗೂ ಇದೇ ಔಷಧ. ಅವರಿಗೆ ಮೂರು ವಾರಕ್ಕೊಮ್ಮೆ ಡ್ರಿಪ್, ಜೊತೆಗೆ 14 ದಿನ ಕೆಪೆಸಿಟಾಬಿನ್ ಮಾತ್ರೆ. ಪಂಪ್ ಇರಲಿಲ್ಲ.

ಅತ್ತೆ ಮೀನು ಮಾರುವವರು. ನಲವತ್ತು ವರ್ಷದಿಂದ ಐಸ್ ಪೆಟ್ಟಿಗೆಗೆ ಕೈ ಹಾಕಿದ ಹೆಂಗಸು. ಮೊದಲ ಡ್ರಿಪ್ ಆಗಿ ಐದನೇ ದಿನಕ್ಕೆ ಮಾರ್ಕೆಟ್ಟಿಗೆ ಹೋದರು. ಯಾರ ಮಾತೂ ಕೇಳುವವರಲ್ಲ. ಬಂಗಡೆ ತೆಗೆಯಲು ಐಸಿನೊಳಗೆ ಕೈ ಇಟ್ಟರು ನೋಡಿ, ಬೆರಳು ಹಾಗೇ ಸೆಟೆದು ನಿಂತವು. ಬಿಚ್ಚಲು ಬರಲಿಲ್ಲ. ಪಕ್ಕದವರು ಚಹಾದ ಗ್ಲಾಸು ಕೈಗೆ ಕೊಟ್ಟು ಒತ್ತಿ ಹಿಡಿಸಿದರು, ಆಮೇಲೆ ಬಿಟ್ಟಿತು. ಆ ದಿನದಿಂದ ನಮಗೆ ಈ ಔಷಧದ ಮೇಲೆ ಭಯ ಭಕ್ತಿ ಎರಡೂ.

ನೀವು ತಂಬಿಗೆ ಎಲ್ಲ ಒಳಗಿಡಿ. ಪ್ಲಾಸ್ಟಿಕ್ ಅಥವಾ ಮರದ ಹಿಡಿ ಇರುವುದು ಕೊಡಿ. ನೀರು ಥರ್ಮಾಸಿನಲ್ಲಿ ಇರಲಿ. ಬಾಗಿಲ ಚಿಲಕ, ಗೇಟು, ಬಸ್ಸಿನ ಕಂಬಿ ಎಲ್ಲ ಅವರಿಗೆ ಶತ್ರು. ನಾವು ಹಳೇ ಸಾಕ್ಸ್ ಕತ್ತರಿಸಿ ಕೈಗವಸು ಮಾಡಿಕೊಟ್ಟಿದ್ದೆವು. ಫ್ರಿಜ್ ಬಾಗಿಲು ತೆಗೆಯುವ ಕೆಲಸ ಮೊಮ್ಮಗಳಿಗೆ.

ಡ್ರಿಪ್ ಸ್ಟ್ಯಾಂಡ್ · ನವೆಂಬರ್ 10

ಹೊನ್ನಾವರದವಳು, ಈಗ ಮಂಗಳೂರಲ್ಲಿ ಕೀಮೋ ಡೇ ಕೇರ್‌ನಲ್ಲಿ ನರ್ಸ್. ಒಂಬತ್ತು ವರ್ಷ ಆಯಿತು. ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು, ನಾನು ಹೇಳುವುದು ಅರ್ಥ ಆಗಲಿ ಅಂತ.

ಚಳಿಗೆ ಆಗುವ ಈ ಆಟ ಆಕ್ಸಾಲಿಪ್ಲಾಟಿನ್‌ನದ್ದೇ ಸ್ವಂತ. ಬೇರೆ ಕೀಮೋದಲ್ಲಿ ಹೀಗೆ ಕಾಣುವುದಿಲ್ಲ. ನರದಲ್ಲಿ ಸೋಡಿಯಂ ಒಳಗೆ ಬರುವ ಸಣ್ಣ ಸಣ್ಣ ಬಾಗಿಲುಗಳಿವೆ. ಈ ಔಷಧ ಅವುಗಳ ಲೆಕ್ಕ ತಪ್ಪಿಸುತ್ತದೆ. ಅದರ ಮೇಲೆ ಚಳಿ ತಾಗಿದರೆ ನರ ಸುಮ್ನೆ ಸುಮ್ನೆ ಸಿಡಿಯುತ್ತದೆ. ಡ್ರಿಪ್ ಹಾಕಿದ ಕೆಲವೇ ಗಂಟೆಯಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರು. ಸಾಮಾನ್ಯವಾಗಿ ಮುಂದಿನ ಡೋಸ್ ಬರುವಷ್ಟರಲ್ಲಿ ಇಳಿಯುತ್ತದೆ. ಮತ್ತೆ ಹಾಕಿದಾಗ ಮತ್ತೆ ಬರುತ್ತದೆ.

ಗಂಟಲಿನ ವಿಷಯ. ಉಸಿರು ಕಟ್ಟಿದ ಹಾಗೆ ಅನಿಸುತ್ತದೆ, ಆದರೆ ದಾರಿ ನಿಜವಾಗಿ ಮುಚ್ಚಿರುವುದಿಲ್ಲ. ಬೆಚ್ಚಗಿನ ನೀರು ಗುಟುಕರಿಸಿ, ಮೂಗು ಬಾಯಿಗೆ ಶಾಲು ಮುಚ್ಚಿ ಬಿಸಿ ಗಾಳಿ ಎಳೆದುಕೊಂಡರೆ ಬಿಡುತ್ತದೆ. ಆದರೂ ಇದನ್ನು ಡಾಕ್ಟರಿಗೆ ಹೇಳಲೇಬೇಕು. ಎರಡು ಗಂಟೆಯಲ್ಲಿ ಕೊಡುವ ಡ್ರಿಪ್ಪನ್ನು ಮುಂದಿನ ಸಲ ಆರು ಗಂಟೆಗೆ ಎಳೆಯುವುದುಂಟು, ಆಗ ಗಂಟಲಿನ ಕಾಟ ಕಡಿಮೆ.

ಇದನ್ನು ಅಲರ್ಜಿ ಜೊತೆ ಕಲಸಬೇಡಿ. ಅಲರ್ಜಿ ಅಂದರೆ ಡ್ರಿಪ್ ನಡೆಯುತ್ತಿರುವಾಗಲೇ ಅಂಗೈ ತುರಿಕೆ, ಮುಖ ಕೆಂಪು, ಬೆವರು, ಎದೆ ಬಿಗಿತ, ತಲೆ ತಿರುಗುವುದು. ತಕ್ಷಣ ಕೂಗಿ ಕರೆಯಿರಿ, ಬೆಲ್ ಹುಡುಕುತ್ತಾ ಕೂರಬೇಡಿ. ಮೊದಲ ಐದಾರು ಡೋಸ್ ಏನೂ ಆಗದವರಿಗೆ ಏಳನೇದರಲ್ಲಿ ಬಂದದ್ದು ನೋಡಿದ್ದೇನೆ. ಪ್ಲಾಟಿನಂ ಔಷಧಗಳ ಗುಣವೇ ಹಾಗೆ, ಮೈಗೆ ಪರಿಚಯ ಆದ ಮೇಲೆ ಜಗಳ. ಹಾಗಾಗಿ ಎಂಟನೇ ಸಲ ಅಂತ ಮಗ ಕ್ಯಾಂಟೀನಿಗೆ ಹೋಗಿ ಕೂರುವುದು ಬೇಡ.

ಇನ್ನೊಂದು. 5-ಎಫ್‌ಯು ಕೊಡುವಾಗ ಬಾಯಿ ಹುಣ್ಣಾಗದಿರಲಿ ಅಂತ ಐಸ್ ಚೀಪಿಸುವುದುಂಟು. ಯಾರೋ ಹೇಳಿದರು ಅಂತ ಆಯಿಗೆ ಅದನ್ನು ಮಾಡಿಸಬೇಡಿ. ಆಕ್ಸಾಲಿಪ್ಲಾಟಿನ್ ಜೊತೆಗಿದ್ದರೆ ಐಸ್ ವರ್ಜ್ಯ.

ತೋಟದಂಚು, ಶಿರಸಿ · ನವೆಂಬರ್ 10

ಅಕ್ಕಾ, ಒಂದು ಡೌಟು. ಆಯಿಗೆ ಹಾಕಿದ ಬಾಟಲಿ ಮೇಲೆ 5% ಡೆಕ್ಸ್ಟ್ರೋಸ್ ಅಂತಿತ್ತು. ಅವಳಿಗೆ ಸ್ವಲ್ಪ ಶುಗರ್ ಇದೆ. ಸಲೈನಿನಲ್ಲಿ ಕೊಡಿ ಅಂತ ಕೇಳಬಹುದಾ?

ಡ್ರಿಪ್ ಸ್ಟ್ಯಾಂಡ್ · ನವೆಂಬರ್ 10

ಕೇಳಬೇಡಿ, ಬಯ್ಯುತ್ತಾರೆ. 😊 ಸಲೈನಿನಲ್ಲಿರುವ ಕ್ಲೋರೈಡ್ ಈ ಔಷಧವನ್ನು ಕೆಡಿಸುತ್ತದೆ. ಅದಕ್ಕೇ ಗ್ಲೂಕೋಸ್ ನೀರು. ಶುಗರ್ ಇರುವುದನ್ನು ಮಾತ್ರ ಪ್ರತಿ ಸಲ ನೆನಪಿಸಿ. ವಾಂತಿ ಆಗದಿರಲು ಕೊಡುವ ಡೆಕ್ಸಾಮೆಥಾಸೋನ್ ಕೂಡ ಒಂದೆರಡು ದಿನ ಶುಗರ್ ಏರಿಸುತ್ತದೆ.

ದಂಡೆಗುಂಟ, ಅಂಕೋಲಾ · ನವೆಂಬರ್ 11

ತಮಾಷೆ ನೋಡಿ, ಅಪ್ಪನಿಗೆ ಕೊಟ್ಟದ್ದು ಇದರ ಅಣ್ಣ ಸಿಸ್ಪ್ಲಾಟಿನ್. ಅದಕ್ಕೆ ಸಲೈನೇ ಬೇಕು, ಅದೂ ಬಾಟಲಿಗಟ್ಟಲೆ. ಕಿಡ್ನಿ ಕಾಪಾಡಲು. ಅಪ್ಪನಿಗೆ ಚಳಿಯ ಕಾಟ ಇರಲಿಲ್ಲ, ಕಿವಿಯೊಳಗೆ ಜೀರುಂಡೆ ಕೂಗು ಶುರುವಾಯಿತು. ಅದನ್ನು ಮೊದಲೇ ಹೇಳಿದ್ದಕ್ಕೆ ಕಿವಿ ಪರೀಕ್ಷೆ ಮಾಡಿಸಿ ಔಷಧ ಬದಲಿಸಿದರು. 1965ರಲ್ಲಿ ಅಮೆರಿಕದಲ್ಲಿ ಯಾರೋ ಬ್ಯಾಕ್ಟೀರಿಯಾಕ್ಕೆ ಕರೆಂಟ್ ಬಿಟ್ಟು ನೋಡುವಾಗ ಪ್ಲಾಟಿನಂ ತಂತಿಯಿಂದ ಬಿಟ್ಟ ವಸ್ತುವೇ ಕೋಶ ಒಂದು ಎರಡಾಗುವುದನ್ನು ನಿಲ್ಲಿಸಿದ್ದು ಕಂಡರಂತೆ. ಹಾಗೆ ಸಿಕ್ಕಿದ ಔಷಧ. ಮನೆಯಲ್ಲಿ ಬಂಗಾರಕ್ಕೇ ಗತಿ ಇಲ್ಲ, ಅಪ್ಪನ ಮೈಯಲ್ಲಿ ಪ್ಲಾಟಿನಂ ಅಂತ ಅವ್ವ ನಗುತ್ತಿದ್ದಳು.

ಅಪ್ಪನಿಗೆ ಬಾಯಿ ಕ್ಯಾನ್ಸರ್. ಕವಳದ ಕೊಡುಗೆ. ಶಿರಸಿಯವರು ಬೇಜಾರು ಮಾಡಿಕೊಳ್ಳಬೇಡಿ, ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ಓಡಾಟಕ್ಕೆ ಒಂದು ಮಾತು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರೊಬ್ಬರಿಗೆ 75%. ಆಸ್ಪತ್ರೆಯ ಫಾರ್ಮ್‌ಗೆ ಡಾಕ್ಟರ್ ಸಹಿ ಬೇಕು. ಅಂಕೋಲಾ, ಕುಮಟಾ, ಹೊನ್ನಾವರದವರು ಮಂಗಳೂರಿಗೆ ಹೋಗುವುದಾದರೆ ಬಳಸಿಕೊಳ್ಳಿ. ಆಕ್ಸಾಲಿಪ್ಲಾಟಿನ್‌ನವರು ಬಿಟ್ಟಿ ಸಿಗುತ್ತದೆ ಅಂತ ಎಸಿ ಹತ್ತಬೇಡಿ ಮತ್ತೆ!

ಹಸಿರುಬಳ್ಳಿ, ಸಿದ್ದಾಪುರ · ನವೆಂಬರ್ 12

ನಂಜಿನ ಔಷಧ ಅದು. ಜೊತೆಗೆ ಅಮೃತಬಳ್ಳಿ ಕಷಾಯ ಕೊಟ್ಟರೆ ರಕ್ತ ಶುದ್ಧಿ ಆಗ್ತದೆ. ಮನೆ ಅಂಗಳದಲ್ಲೇ ಇರ್ತದೆ, ಖರ್ಚಿಲ್ಲ.

ಡ್ರಿಪ್ ಸ್ಟ್ಯಾಂಡ್ · ನವೆಂಬರ್ 12

ದಯವಿಟ್ಟು ಬೇಡ ಅಣ್ಣ. ಕೊರೋನಾ ಕಾಲದಲ್ಲಿ ದಿನಾ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಬರೆದರು. ಕೀಮೋ ನಡೆಯುವಾಗ ಲಿವರ್ ರಿಪೋರ್ಟ್ ಏರಿದರೆ ಡೋಸ್ ಮುಂದೆ ಹೋಗುತ್ತದೆ, ಯಾವುದರಿಂದ ಏರಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದೆಲಗದ ತಂಬುಳಿ ಊಟಕ್ಕೆ ಇದ್ದರೆ ಇರಲಿ, ಹಸಿ ಸೊಪ್ಪು ಬೇಡ, ಬಾಡಿಸಿ ಮಾಡಿ. ಫ್ರಿಜ್ಜಿನಿಂದ ತೆಗೆದದ್ದು ಬೇಡ. ಕಷಾಯ, ಪುಡಿ, ಮಾತ್ರೆ ಅಂತ ಏನೇ ಕೊಟ್ಟರೂ ಡಾಕ್ಟರಿಗೆ ಹೇಳಿಯೇ ಕೊಡಿ.

ಅದಕ್ಕಿಂತ ಮುಖ್ಯ ಜ್ವರ. ಮನೆಯಲ್ಲಿ ಥರ್ಮಾಮೀಟರ್ ಇದೆಯಾ? ಡ್ರಿಪ್ ಆಗಿ 7ರಿಂದ 14 ದಿನದ ನಡುವೆ ಬಿಳಿ ರಕ್ತಕಣ ಕೆಳಗೆ ಬೀಳುವುದು ಜಾಸ್ತಿ. ಆಗ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಎಮರ್ಜೆನ್ಸಿ. ಡೋಲೋ ನುಂಗಿಸಿ ಬೆಳಗಾಗಲಿ ಅಂತ ಕಾಯುವ ಜ್ವರ ಅಲ್ಲ ಅದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು ಅನ್ನುತ್ತೇವೆ. ಹುಬ್ಬಳ್ಳಿ ನಿಮಗೆ ಎರಡೂವರೆ ಮೂರು ಗಂಟೆ ದಾರಿ. ಹಾಗಾಗಿ ರಾತ್ರಿ ಎರಡು ಗಂಟೆಗೆ ಶಿರಸಿಯಲ್ಲೇ ಯಾರು ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ) ಮಾಡಿ ಇಂಜೆಕ್ಷನ್ ಕೊಡುತ್ತಾರೆ ಅಂತ ಹಗಲಲ್ಲೇ ವಿಚಾರಿಸಿಡಿ. ಒಂದು ಚೀಟಿಯಲ್ಲಿ ಔಷಧದ ಹೆಸರು, ಕೊನೆಯ ಡೋಸ್ ತಾರೀಖು, ನಿಮ್ಮ ಡಾಕ್ಟರ ನಂಬರ್ ಬರೆದು ಆಯಿಯ ಚೀಲದಲ್ಲಿಡಿ.

ಮಲಬದ್ಧತೆ ಆದರೆ ಗಾಬರಿ ಬೇಡ, ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಹಾಗೆ ಮಾಡುತ್ತದೆ. ಭೇದಿ ಆದರೆ 5-ಎಫ್‌ಯು ಕೆಲಸ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಆದರೆ ಫೋನ್ ಮಾಡಿ. ಪಂಪ್ ತೆಗೆದ ಎರಡು ದಿನ ಕಕ್ಕಸಿಗೆ ಎರಡೆರಡು ಸಲ ನೀರು ಹಾಕಿ, ವಾಂತಿ ಆದ ಬಟ್ಟೆ ಬೇರೆ ಒಗೆಯಿರಿ, ಗ್ಲೌಸ್ ಹಾಕಿಕೊಂಡು.

ಘಟ್ಟದ ಕೆಳಗೆ, ಕುಮಟಾ · ನವೆಂಬರ್ 12

ಈ ಥ್ರೆಡ್ ಸೇವ್ ಮಾಡಿಕೊಂಡೆ. ನಮ್ಮ ಜಿಲ್ಲೆಯಲ್ಲಿ ಇದನ್ನೆಲ್ಲ ಮೊಬೈಲಿನಲ್ಲೇ ಕಲಿಯುವ ಪರಿಸ್ಥಿತಿ. ಬಿಪಿಎಲ್‌ನವರು ಆಯುಷ್ಮಾನ್ ಕಾರ್ಡ್ ಮರೆಯಬೇಡಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ.

ತೋಟದಂಚು, ಶಿರಸಿ · ಫೆಬ್ರವರಿ 17

ಮೂರು ತಿಂಗಳ ಮೇಲೆ ಮತ್ತೆ ಬಂದೆ. ಎಂಟು ಡೋಸ್ ಮುಗಿಯಿತು. ಒಮ್ಮೆ ರಕ್ತಕಣದ ಕೌಂಟ್ ಕಡಿಮೆ ಇತ್ತು, ಆದರೆ ಡೋಸ್ ಮುಂದೂಡಲಿಲ್ಲ. ಜ್ವರ ಬರಲಿಲ್ಲ. ಕೂದಲು ತೆಳ್ಳಗಾಗಿದೆ, ಪೂರ್ತಿ ಹೋಗಿಲ್ಲ. ಗಂಟಲಿನದ್ದೂ ನಿಭಾಯಿಸಿದೆವು. ಎಲ್ಲ ಸುಸೂತ್ರ ಅಂದುಕೊಂಡಿದ್ದೆ.

ನಿನ್ನೆ ಸಂಜೆ ಆಯಿ ಅಬ್ಬಲಿಗೆ ಕೊಯ್ದುಕೊಂಡು ಜಗಲಿಯಲ್ಲಿ ಕೂತಳು. ದಂಡೆ ಕಟ್ಟುವುದು ಅವಳಿಗೆ ಉಸಿರಾಡಿದ ಹಾಗೆ. ಟೀವಿ ನೋಡುತ್ತಾ, ನಮ್ಮನ್ನು ಬಯ್ಯುತ್ತಾ, ಕೈ ಅದರ ಪಾಡಿಗೆ ಬಾಳೆನಾರು ಸುತ್ತಿ ಗಂಟು ಎಳೆಯುತ್ತಿರುತ್ತದೆ. ನಿನ್ನೆ ಟೀವಿ ಆಫ್ ಮಾಡಿದ್ದಳು. ನಾರನ್ನೇ ಕಣ್ಣಿಟ್ಟು ನೋಡುತ್ತಿದ್ದಳು. ಎರಡು ಹೂ ಜೋಡಿಸಿ ಸುತ್ತುವಷ್ಟರಲ್ಲಿ ನಾರು ಬೆರಳಿಂದ ಜಾರುತ್ತಿತ್ತು. ಜಾರಿದ್ದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಖಾಲಿ ಬೆರಳಲ್ಲೇ ಗಂಟು ಎಳೆದಳು. ಮೂರು ಸಲ ನೋಡಿದೆ. ಆಮೇಲೆ ಹೂವನ್ನು ಹಾಗೇ ಹರಿವಾಣದಲ್ಲಿಟ್ಟು ಎದ್ದು ಒಳಗೆ ಹೋದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು. ಮೆಟ್ಟಿಲಲ್ಲಿ ಎರಡೂ ಬಿಟ್ಟೆ ಅಂದುಕೊಂಡಿದ್ದಾಳೆ. ಚಪ್ಪಲಿ ಮೆಟ್ಟಿ ಅಡಿಗೆಮನೆ ದಾಟಿ ದೇವರ ಒಳಕ್ಕೆ ಹೋಗುವ ಹೆಂಗಸಲ್ಲ ಅವಳು.

ಕೇಳಿದ್ದಕ್ಕೆ "ಎಂತೂ ಆಜಿಲ್ಲೆ ತಮಾ" ಅಂದಳು. ಹೆಂಡತಿ ಕೂತು ಕೇಳಿದ ಮೇಲೆ ಬಾಯಿ ಬಿಟ್ಟಳು. ಆರನೇ ಡೋಸ್ ಆದಾಗಿನಿಂದ ಬೆರಳ ತುದಿ, ಅಂಗಾಲು ಜೋಮು ಹಿಡಿದದ್ದು ಬಿಟ್ಟೇ ಇಲ್ಲವಂತೆ. ಡಾಕ್ಟರ್ ಪ್ರತಿ ಸಲ ಕೇಳಿದಾಗಲೂ ಎಲ್ಲ ಆರಾಮ ಅಂದಿದ್ದಾಳೆ. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದೇನೆ. ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ಔಷಧ ಕಮ್ಮಿ ಮಾಡುತ್ತಾರೆ, ಕಮ್ಮಿ ಮಾಡಿದರೆ ಕಾಯಿಲೆ ತಿರುಗಿ ಬರುತ್ತದೆ ಅಂತ ನೆಂಟರೊಬ್ಬರು ಹೇಳಿದ್ದರಂತೆ.

ಒಂಬತ್ತನೇದು ಮುಂದಿನ ಬುಧವಾರ. ಏನು ಮಾಡಲಿ?

ಡ್ರಿಪ್ ಸ್ಟ್ಯಾಂಡ್ · ಫೆಬ್ರವರಿ 17

ಬುಧವಾರದ ತನಕ ಕಾಯಬೇಡಿ, ನಾಳೆಯೇ ಫೋನ್ ಮಾಡಿ ಹೇಳಿ. ಬುಧವಾರ ಡ್ರಿಪ್ ಹಾಕುವ ಮೊದಲು ಡಾಕ್ಟರ್ ಎದುರು ಮತ್ತೆ ಹೇಳಿ.

ನವೆಂಬರಲ್ಲಿ ನಾನು ಹೇಳಿದ್ದು ಬಂದು ಹೋಗುವ ಕಾಟ. ಇದು ಬೇರೆ. ಔಷಧ ಮೈಯಲ್ಲಿ ಸೇರುತ್ತಾ ಸೇರುತ್ತಾ ನರವೇ ಸವೆಯುವುದು. ಎರಡು ಡೋಸ್ ನಡುವೆ ಇಳಿಯದೆ ಉಳಿದರೆ ಈ ಎರಡನೇ ಜಾತಿ ಅಂತ ಅನುಮಾನಿಸಬೇಕು. ಆವತ್ತೇ ಇದನ್ನೂ ಬಿಡಿಸಿ ಹೇಳಬೇಕಿತ್ತು, ನನ್ನದೂ ತಪ್ಪು. ರಕ್ತ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ರೋಗಿ ಬಾಯಿ ಬಿಟ್ಟರೆ ಮಾತ್ರ ಡಾಕ್ಟರಿಗೆ ಗೊತ್ತಾಗುವುದು. ಅದಕ್ಕೇ ನಾವು ಜೋಮು ಇದೆಯಾ ಅಂತ ಕೇಳುವ ಬದಲು ಬ್ಲೌಸಿನ ಹುಕ್ ಹಾಕಿಕೊಳ್ಳಲು ಬರುತ್ತದಾ, ಚಪ್ಪಲಿ ಜಾರುತ್ತದಾ, ಸೂಜಿಗೆ ದಾರ ಪೋಣಿಸಲು ಬರುತ್ತದಾ ಅಂತ ಕೇಳುತ್ತೇವೆ. ದಂಡೆಯ ಕಥೆಯನ್ನು ಹಾಗೇ ಹೇಳಿ. ಯಾವ ಸ್ಕ್ಯಾನೂ ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ಆಯಿಯ ಹೆದರಿಕೆಗೆ ಉತ್ತರ. ನಿಮ್ಮದರಲ್ಲಿ ಎರಡು ಔಷಧ ಇದೆ. ಆಕ್ಸಾಲಿಪ್ಲಾಟಿನ್ ಒಂದನ್ನೇ ಇಳಿಸಿ ಅಥವಾ ನಿಲ್ಲಿಸಿ 5-ಎಫ್‌ಯು ಮುಂದುವರಿಸಬಹುದು. ಸಾಮಾನ್ಯ ಡೋಸ್ ಮೈಯ ಪ್ರತಿ ಚದರ ಮೀಟರಿಗೆ 85 ಮಿಲಿಗ್ರಾಂ. ಜೋಮು ಉಳಿದರೆ 75ಕ್ಕೆ ಇಳಿಸುವ ಪದ್ಧತಿ ಇದೆ, ಕೈ ಕೆಲಸವೇ ನಿಂತರೆ ಬಿಡಿಸುತ್ತಾರೆ. ಮೂರನೇ ಹಂತದ ಕರುಳಿನ ಕ್ಯಾನ್ಸರಿಗೆ ಮೂರು ತಿಂಗಳು ಸಾಕಾ, ಆರು ಬೇಕಾ ಅಂತ ಆರು ಅಧ್ಯಯನ ಸೇರಿಸಿ 12,000ಕ್ಕೂ ಜಾಸ್ತಿ ರೋಗಿಗಳನ್ನು ನೋಡಿದ ಫಲಿತಾಂಶ 2018ರಲ್ಲಿ ಬಂತು. ಅಪಾಯ ಕಡಿಮೆ ಇರುವವರಲ್ಲಿ, ಅದರಲ್ಲೂ ಕೆಪೆಸಿಟಾಬಿನ್ ಮಾತ್ರೆಯ ಜೊತೆ ಕೊಟ್ಟಾಗ, ಮೂರು ತಿಂಗಳೇ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿತ್ತು. ನರದ ತೊಂದರೆ ಮಾತ್ರ ತುಂಬಾ ಕಡಿಮೆ. ಆಯಿ ಯಾವ ಗುಂಪು ಅಂತ ಅವರ ಡಾಕ್ಟರ್ ಹೇಳಬೇಕು, ನಾನಲ್ಲ. ಆದರೆ ಎಂಟು ಡೋಸ್ ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳ ಔಷಧ ಒಳಗೆ ಹೋಗಿದೆ. ಅದು ವ್ಯರ್ಥ ಆಗುವುದಿಲ್ಲ ಅಂತ ಆಯಿಗೆ ಹೇಳಿ.

ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಇನ್ನಷ್ಟು ಏರಬಹುದು. ಆಗ ಗಾಬರಿ ಬೇಡ, ಈ ಔಷಧದಲ್ಲಿ ಅದು ಇದ್ದದ್ದೇ. ನಿಧಾನಕ್ಕೆ ಇಳಿಯುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ವಿಟಮಿನ್ ಮಾತ್ರೆ ಗುಡ್ಡೆ ಹಾಕಬೇಡಿ. ಬಿ12 ಕಡಿಮೆ ಇದ್ದರೆ ಮಾತ್ರ ಅದು ಬೇಕು. ಉರಿ, ನೋವು ಇದ್ದರೆ ಡುಲಾಕ್ಸೆಟಿನ್ ಅಂತ ಮಾತ್ರೆ ಇದೆ, ಬರೀ ಮರಗಟ್ಟಿದ್ದಕ್ಕೆ ಅದು ಅಷ್ಟು ಉಪಯೋಗ ಇಲ್ಲ. ಹಂಡೆಯ ನೀರನ್ನು ಆಯಿ ಬೆರಳಿಟ್ಟು ನೋಡುವುದು ಬೇಡ, ಬೇರೆಯವರು ನೋಡಿ ಕೊಡಿ. ಬರಿಗಾಲಲ್ಲಿ ತೋಟಕ್ಕೆ ಬಿಡಬೇಡಿ. ರಾತ್ರಿ ಮಲಗುವಾಗ ಅಂಗಾಲು ನೋಡಿ, ಮುಳ್ಳು ಹೊಕ್ಕರೂ ಗೊತ್ತಾಗಿರುವುದಿಲ್ಲ.

ಕಡಲಕರೆ, ಕಾರವಾರ · ಫೆಬ್ರವರಿ 18

ಅತ್ತೆಯದ್ದು ಮುಗಿದು ಈಗ ಒಂದೂವರೆ ವರ್ಷ. ಕೈ ಬೆರಳು ಒಂದು ವರ್ಷದಲ್ಲಿ ಸುಮಾರು ಸರಿಯಾಯಿತು. ಕಾಲ ಬೆರಳಲ್ಲಿ ಇನ್ನೂ ಮರಳು ಮೆತ್ತಿದ ಹಾಗೆ ಇದೆಯಂತೆ. ಐಸ್ ಪೆಟ್ಟಿಗೆ ಮಗನಿಗೆ ಕೊಟ್ಟರು. ತಾವು ಒಣಮೀನು ಹಾಕಿಕೊಂಡು ಕೂತರು. ಲಾಭ ಇದರಲ್ಲೇ ಜಾಸ್ತಿ, ಮೊದಲೇ ಮಾಡಬೇಕಿತ್ತು ಅಂತಾರೆ ಈಗ. ಆಯಿಗೆ ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಹೇಳಿ, ಅತ್ತೆಯನ್ನು ಕೂರಿಸುತ್ತೇನೆ. ಮೆಸೇಜ್ ಮಾಡಿದ್ದೇನೆ.

ತೋಟದಂಚು, ಶಿರಸಿ · ಫೆಬ್ರವರಿ 26

ಹೋಗಿ ಬಂದೆವು. ದಂಡೆಯ ಕಥೆ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟು, ಆಯಿಗೆ ಕಣ್ಣು ಮುಚ್ಚಲು ಹೇಳಿ ಅಂಗೈಯಲ್ಲಿ ನಾಣ್ಯ ಇಟ್ಟರು. ಒಂದು ರೂಪಾಯಿಯಾ ಐದಾ ಅಂದರು. ಆಯಿಗೆ ಹೇಳಲು ಬರಲಿಲ್ಲ. ಆಕ್ಸಾಲಿಪ್ಲಾಟಿನ್ ನಿಲ್ಲಿಸಿದರು. ಉಳಿದ ನಾಲ್ಕು ಸಲ 5-ಎಫ್‌ಯು ಮತ್ತು ಅದಕ್ಕೆ ಬಲ ಕೊಡುವ ಲ್ಯೂಕೊವೊರಿನ್ ಮಾತ್ರ. ಇದು ಹಿನ್ನಡೆ ಅಲ್ಲ ಅಂತ ಅವರೇ ಎರಡು ಸಲ ಹೇಳಿದರು. ನಾಳೆ ಪಂಪ್ ತೆಗೆಸಿಕೊಂಡು ಊರಿಗೆ.

ಆಯಿಗೆ ನನ್ನ ಮೇಲೆ ಸಿಟ್ಟು, ಭಾವನ ಮನೆ ಮುಟ್ಟುವ ತನಕ ಮಾತಿಲ್ಲ. ರಾತ್ರಿ ಕಾರವಾರದ ಅತ್ತೆಯ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ. ಇವಳಿಗೆ ಮೀನಿನ ವಾಸನೆ ಆಗುವುದಿಲ್ಲ, ಒಣಮೀನು ಯಾವಾಗ ತಿರುವಿ ಹಾಕಬೇಕು ಅಂತ ಕೇಳಿಕೊಳ್ಳುತ್ತಿದ್ದಳು.

ಈಗ ಹೊಸ ತಕರಾರು. ಮಾರಿಕಾಂಬಾ ಜಾತ್ರೆ ನಡೆಯುತ್ತಿದೆ. ಎರಡು ವರ್ಷಕ್ಕೊಮ್ಮೆ ಬರುವುದು, ಹೋಗಲೇಬೇಕು ಅಂತಾಳೆ. ಬಿಡಬಹುದಾ?

ಡ್ರಿಪ್ ಸ್ಟ್ಯಾಂಡ್ · ಫೆಬ್ರವರಿ 26

ಈಗಿನ ಕೌಂಟ್ ಎಷ್ಟು ಅಂತ ಡಾಕ್ಟರಿಗೆ ಕೇಳಿ. ಚೆನ್ನಾಗಿದ್ದರೆ, ಅವರು ಹೂಂ ಅಂದರೆ, ಊರಿಗೆ ಹೋದ ಒಂದೆರಡು ದಿನದಲ್ಲೇ ಬೆಳಿಗ್ಗೆ ಬೇಗ, ಜನ ಸೇರುವ ಮೊದಲು. ಮಾಸ್ಕ್ ಹಾಕಿ. ವಾರ ಕಳೆದ ಮೇಲೆ ಬೇಡ, ಕೌಂಟ್ ಇಳಿಯುವ ಹೊತ್ತು ಅದು. ಹೊರಗಿನ ಕಬ್ಬಿನ ಹಾಲು, ಕೊಯ್ದಿಟ್ಟ ಹಣ್ಣು ಬೇಡ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ದೇವಸ್ಥಾನದ ಹೊರಗೆ ಬಿಡುವಾಗ ಎರಡೂ ಬಿಟ್ಟಳಾ ಅಂತ ನೀವು ನೋಡಿ.

ತೋಟದಂಚು, ಶಿರಸಿ · ಫೆಬ್ರವರಿ 28

ಕೌಂಟ್ ಸರಿ ಇದೆ, ಡಾಕ್ಟರ್ ಒಪ್ಪಿದರು. ನಾಳೆ ಆರು ಗಂಟೆಗೆ ಹೊರಡುವುದು. ಅಮ್ಮನವರಿಗೆ ಕೊಡುವ ದಂಡೆ ನಾನು ಕಟ್ಟುತ್ತಿದ್ದೇನೆ. ಆಯಿ ಎದುರಿಗೆ ಕೂತು ಹೇಳಿಕೊಡುತ್ತಿದ್ದಾಳೆ. ನಾಲ್ಕನೇ ಗಂಟಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿಂದ.